ಐದು ಮೂಲೆಯ ಬೋಲ್ಟು

ನಮ್ಮ ಅಂಬಾಸಿಡರ್ ಕಾರಿನ ಎಡಗಡೆ ಬಾಗಿಲಿಗೆ ಬೀಗ ಬೀಳುತ್ತಿರಲಿಲ್ಲ. ಅಪ್ಪ ಕೊಂಡಾಗಲೇ ಹಾಗಿತ್ತು, ಮಾರಿದಾಗಲೂ ಹಾಗೇ ಇತ್ತು. ಮೊಳಕಾಲ್ಮೂರಿನ ನೇಕಾರರ ಮನೆಗಳಿಂದ ರೇಷ್ಮೆ ಸೀರೆ ತಂದು ಚಳ್ಳಕೆರೆಯ ಅಂಗಡಿಗಳಿಗೆ ಕೊಡುವುದು ನಮ್ಮ ಕಸುಬು. ವಾರಕ್ಕೆರಡು ಸಲ ಅಪ್ಪನೂ ನಾನೂ ಹೋಗಿಬರುತ್ತಿದ್ದೆವು. ಸೀರೆಯ ಗಂಟನ್ನು ಮಾತ್ರ ಅಪ್ಪ ಒಂದು ದಿನವೂ ಕಾರಿನಲ್ಲಿ ಬಿಟ್ಟವನಲ್ಲ. ಊಟಕ್ಕೆ ಕೂತರೂ ಗಂಟಿನ ಒಂದು ತುದಿಯನ್ನು ತೊಡೆಯ ಕೆಳಗೆ ಒತ್ತಿಕೊಂಡೇ ತುತ್ತು ಎತ್ತುತ್ತಿದ್ದ. ಹಾಗಾಗಿ ಬಾಗಿಲಿಗೆ ಬೀಗ ಇದ್ದರೆಷ್ಟು, ಬಿಟ್ಟರೆಷ್ಟು? ಕದಿಯುವಂಥದ್ದು ಕಾರಿನಲ್ಲಿ ಏನೂ ಇರಲಿಲ್ಲ, ನಾನು ಸ್ಟೀರಿಯೋ ಹಾಕಿಸುವವರೆಗೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ಕಾರಿನಲ್ಲೊಂದು ಹಳೇ ರೇಡಿಯೋ ಇತ್ತು. ಕೊಂಡ್ಲಹಳ್ಳಿ ಬರುವಷ್ಟರಲ್ಲಿ ಅದಕ್ಕೆ ಗೂರಲು ಹತ್ತಿ ಬರೀ ಗೊರಗೊರ ಅನ್ನುತ್ತಿತ್ತು. ನನಗೋ ಇಪ್ಪತ್ತೆರಡರ ಪ್ರಾಯ, ಮೂಗಿನ ತುದಿಯಲ್ಲಿ ಸಿಟ್ಟು. ರೇಡಿಯೋದ ಮೇಲೆ ಗುದ್ದಿ ಗುದ್ದಿ ನನ್ನ ಕೈ ನೋಯುತ್ತಿತ್ತೇ ಹೊರತು ಹಾಡು ಬರುತ್ತಿರಲಿಲ್ಲ. ಸ್ಟೀರಿಯೋ ಹಾಕಿಸೋಣ ಅಂತ ಅಪ್ಪನನ್ನು ತಿಂಗಳುಗಟ್ಟಲೆ ಕಾಡಿದೆ.

"ಹಾಡು ಕೇಳಿದ್ರೆ ಗಾಡಿ ಜೋರಾಗಿ ಓಡ್ತೈತೇನಲೇ?" ಅಂದ. ಕೊನೆಗೆ, "ಹೊಸದು ಬ್ಯಾಡ. ಸಾಬ್ರು ಹೆಂಗೆ ಹೇಳ್ತಾರೋ ಹಂಗೆ ಮಾಡು" ಅಂತ ಒಪ್ಪಿದ.

ಸಾಬ್ರು ಅಂದರೆ ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲಿನ ಗೋಡೆಗೆ ಒರಗಿಕೊಂಡಂತಿದ್ದ ಗ್ಯಾರೇಜಿನ ಮೆಕ್ಯಾನಿಕ್. ಅಪ್ಪನಿಗೆ ಮದುವೆಗೂ ಮುಂಚಿನ ಗೆಳೆಯ. ನಾನು ಅವರನ್ನು ಚಾಚಾ ಅನ್ನುತ್ತಿದ್ದೆ. ಅವರು ನನ್ನನ್ನು, ನನಗೆ ಮೀಸೆ ಬಂದ ಮೇಲೂ, "ಲೇ ಮರಿ" ಅಂತಲೇ ಕರೆಯುತ್ತಿದ್ದರು. ನಾಲ್ಕು ವರ್ಷದವನಿದ್ದಾಗ ತೊಡೆಯ ಮೇಲೆ ಕೂರಿಸಿಕೊಂಡು ಮೊದಲ ಸಲ ಸ್ಟಿಯರಿಂಗ್ ಹಿಡಿಸಿದವರು ಅವರೇ. ಈಗಲೂ ಎಲ್ಲಾದರೂ ಶೇಂಗಾ ಹಿಂಡಿಯ ವಾಸನೆ ಬಂದರೆ ನನಗೆ ಆ ಗ್ಯಾರೇಜೇ ನೆನಪಾಗುತ್ತದೆ.

"ಮಿಷಿನ್ ಹಳೇದಿರ್ಲಿ, ಸ್ಪೀಕರ್ ಹೊಸದಿರ್ಲಿ" ಅಂದರು ಚಾಚಾ. ಬಳ್ಳಾರಿಯ ಗುಜರಿಯಲ್ಲಿ, ಅಪಘಾತವಾದ ಯಾವುದೋ ಕಾರಿನ ಕ್ಯಾಸೆಟ್ ಡೆಕ್ ಹುಡುಕಿ ತಂದರು. ಅದರ ಬೆಲ್ಟ್ ಬದಲಿಸಿ, ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಬ್ಯಾಟರಿಯಿಂದಲೇ ನೇರವಾಗಿ ದಪ್ಪ ವೈರು ಎಳೆದರು. ಹಾಗೆ ಎಳೆಯದಿದ್ದರೆ ಇಂಜಿನ್ನಿನ ಕುಂಯ್ ಅನ್ನುವ ಸದ್ದು ಹಾಡಿನೊಳಗೆ ಬರುತ್ತದಂತೆ. ಸ್ಪೀಕರಿನ ಪೆಟ್ಟಿಗೆಯನ್ನು ಪ್ಲೈವುಡ್ಡಿನಲ್ಲಿ ಮಾಡಿಸಿ, ಒಳಗೆ ತುಂಬಲು ನಮ್ಮ ನೇಕಾರರ ಮನೆಗಳಿಂದ ರೇಷ್ಮೆ ನೂಲಿನ ಕಸ ತರಿಸಿದರು. ಬಾಗಿಲು ಗಡಗಡ ಅನ್ನಬಾರದೆಂದು ಹಳೇ ಕಂಬಳಿಯನ್ನು ಕತ್ತರಿಸಿ ಬಾಗಿಲ ಹಲಗೆಯ ಹಿಂದೆ ಅಂಟಿಸಿದರು. ಚಳ್ಳಕೆರೆಯ ಕಂಬಳಿ, ಮೊಳಕಾಲ್ಮೂರಿನ ರೇಷ್ಮೆ, ಬಳ್ಳಾರಿಯ ಗುಜರಿ. ನಮ್ಮ ಸ್ಟೀರಿಯೋಕ್ಕೆ ಇಷ್ಟೂ ಊರು ಸೇರಿದ್ದವು.

ಆಮೇಲೆ ಕಳ್ಳರ ಚಿಂತೆ. ಬಾಗಿಲ ಬೀಗ ಸರಿಮಾಡಿಸಬೇಕೆಂದರೆ ಇಡೀ ಬಾಗಿಲೇ ಬದಲಾಗಬೇಕಿತ್ತು. ಚಾಚಾ ಲೇತ್ ಅಂಗಡಿಯವರ ಪಕ್ಕದಲ್ಲೇ ಕೂತು ಎರಡು ಬೋಲ್ಟು ಕಡೆಸಿದರು. ಅವುಗಳ ತಲೆಗೆ ಆರು ಮೂಲೆಯಲ್ಲ, ಐದು. ಪೇಟೆಯ ಯಾವ ಸ್ಪಾನರೂ ಅದಕ್ಕೆ ಕೂರುತ್ತಿರಲಿಲ್ಲ. ಡೆಕ್ಕಿನ ಮುಂದೆ ಹಳೇ ರೇಡಿಯೋದ ಒಡಕು ಮುಖವನ್ನೇ ಸಿಕ್ಕಿಸಿ, "ಚೆಂದ ಕಂಡ್ರೆ ತಾನೇ ಕದಿಯೋದು" ಅಂದರು. ಬೋಲ್ಟಿಗೆ ಎರಡು ಚಾವಿ. ಒಂದನ್ನು ನನ್ನ ಕೀ ಗೊಂಚಲಿಗೆ ಹಾಕಿದರು. ಇನ್ನೊಂದನ್ನು ಗ್ಯಾರೇಜಿನ ಗೋಡೆಗೆ ಒಂದು ಮೊಳೆ ಹೊಡೆದು ಅದಕ್ಕೆ ನೇತುಹಾಕಿದರು.

"ನೋಡಲೇ ಮರಿ, ಈ ಚಾವಿ ಇಲ್ಲಿ ಇರೋತನಕ ಆ ಟೇಪಿಗೆ ನಾನು ಜವಾಬ್ದಾರಿ."

ಆ ಮೊಳೆಯ ಮೇಲೆ ಬೇರೆ ಯಾರ ಗಾಡಿಯ ಚಾವಿಯೂ ಇರಲಿಲ್ಲ.

ಸದ್ದು ಪರೀಕ್ಷೆ ಮಾಡಲು ಪೇಟೆ ಬೇಡ, ಬಯಲಿಗೆ ಹೋಗೋಣ ಅಂದರು ಚಾಚಾ. ಮೂವರೂ ಕುದಾಪುರದ ಕಡೆ ಹೊರಟೆವು. ಈಗ ಅಲ್ಲಿ ದೊಡ್ಡ ದೊಡ್ಡ ಸಂಶೋಧನಾ ಸಂಸ್ಥೆಗಳ ಬೇಲಿ. ಆಗ ಕಣ್ಣು ಹಾಯುವಷ್ಟು ಹುಲ್ಲು, ಗಾಳಿ, ಅಲ್ಲೊಂದು ಇಲ್ಲೊಂದು ದನ. ನಾಲ್ಕೂ ಬಾಗಿಲು ತೆಗೆದಿಟ್ಟು ಮೊದಲು ಅಪ್ಪನ ವಚನದ ಕ್ಯಾಸೆಟ್ ಹಾಕಿದೆವು, ಆಮೇಲೆ ಚಾಚಾನ ಕವ್ವಾಲಿ. ಮೇಯುತ್ತಿದ್ದ ಹಸುವೊಂದು ತಲೆ ಎತ್ತಿ ನಮ್ಮನ್ನೇ ನೋಡಿತು. ಅಪ್ಪ ಕಣ್ಣು ಮುಚ್ಚಿಕೊಂಡು ಕೂತಿದ್ದ. ಕವ್ವಾಲಿಗೂ ತಲೆದೂಗಿ, "ಸಾಬ್ರೆ, ಇದೂ ನಮ್ ಶರಣರ ಮಾತೇ ಬಿಡ್ರಿ" ಅಂದ. ಚಾಚಾ ಕಾಗದದ ಪೊಟ್ಟಣ ಬಿಚ್ಚಿ ಮಂಡಕ್ಕಿ, ಮೆಣಸಿನಕಾಯಿ ಹಂಚಿದರು. ಅಷ್ಟು ಸುಖವಾದ ಸಂಜೆ ನನ್ನ ಬಾಳಿನಲ್ಲಿ ಹೆಚ್ಚಿಲ್ಲ.

ಒಂದು ವರ್ಷ ಹಾಗೇ ಕಳೆಯಿತು. ನಾನೇ ಕ್ಯಾಸೆಟ್ ಹಾಕಬೇಕು, ನಾನೇ ತಿರುವಬೇಕು. ಅಪ್ಪ ಅದರ ಗುಂಡಿಯನ್ನೂ ಮುಟ್ಟುತ್ತಿರಲಿಲ್ಲ.

ಅವತ್ತು ಚಳ್ಳಕೆರೆಯಲ್ಲಿ ಸಂತೆ. ಎಣ್ಣೆ ಮಿಲ್ಲಿನ ಹತ್ತಿರ ಬೇವಿನ ಮರದ ನೆರಳಿಗೆ ಕಾರು ನಿಲ್ಲಿಸಿ, ಅಪ್ಪನನ್ನು ಸೀರೆ ಅಂಗಡಿಗೆ ಕಳಿಸಿ, ನಾನು ಬ್ಯಾಂಕಿನ ಸಾಲಿನಲ್ಲಿ ನಿಂತೆ. ಮುಗಿಸಿ ಅಂಗಡಿಗೆ ಹೋದರೆ ಅಪ್ಪ ಇರಲಿಲ್ಲ. ಮದುವೆ ಮನೆಯವರೊಬ್ಬರಿಗೆ ಸೀರೆ ತೋರಿಸಲು ದುರ್ಗದ ಬಸ್ಸು ಹತ್ತಿದನಂತೆ. ಸಂಜೆ ಬಸ್ಸಿಗೆ ಬರುತ್ತೇನೆ, ಕಾಯಬೇಕು ಅಂತ ಹೇಳಿಹೋಗಿದ್ದ.

ಕಾರಿಗೆ ಬಂದೆ. ಸ್ಟೀರಿಯೋ ಇದ್ದ ಜಾಗದಲ್ಲಿ ಬರೀ ವೈರು ಜೋತಾಡುತ್ತಿತ್ತು. ರೇಡಿಯೋದ ಒಡಕು ಮುಖ ಸೀಟಿನ ಮೇಲಿತ್ತು. ಆಶ್‌ಟ್ರೇಯಲ್ಲಿ ಐದು ಮೂಲೆಯ ಎರಡೂ ಬೋಲ್ಟುಗಳು ಜೋಡಿಸಿಟ್ಟಂತೆ ಕೂತಿದ್ದವು. ಒಂದು ಗೀರಿಲ್ಲ, ಒಂದು ವೈರು ಕತ್ತರಿಸಿಲ್ಲ. ಯಾವ ಕಳ್ಳ ಇಷ್ಟು ಅಚ್ಚುಕಟ್ಟಾಗಿ ಬಿಚ್ಚುತ್ತಾನೆ? ಚಾವಿ ಇದ್ದವರು ಮಾತ್ರ. ನನ್ನ ಚಾವಿ ನನ್ನ ಜೇಬಿನಲ್ಲಿತ್ತು.

ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರೆ. ನೆತ್ತಿಗೇರಿದ ಸಿಟ್ಟಿನಲ್ಲೇ ಗ್ಯಾರೇಜಿಗೆ ನಡೆದೆ. ಚಾಚಾ ಆಗಷ್ಟೇ ಮಧ್ಯಾಹ್ನದ ನಮಾಜು ಮುಗಿಸಿ ಬಂದು ಟೋಪಿ ಮಡಚಿಡುತ್ತಿದ್ದರು. ಇಬ್ಬರು ಲಾರಿ ಡ್ರೈವರುಗಳು ಬೆಂಚಿನ ಮೇಲೆ ಕೂತಿದ್ದರು.

"ಚಾಚಾ, ಟೇಪ್ ಹೋಗೈತೆ. ಬೋಲ್ಟು ಚಾವಿಯಿಂದಾನೇ ಬಿಚ್ಚವ್ರೆ. ನಿಮ್ ಚಾವಿ ಎಲ್ಲೈತೆ?"

ಅವರು ಗಾಬರಿಯಾಗಿ ಗೋಡೆ ನೋಡಿದರು. ಚಾವಿ ಮೊಳೆಯ ಮೇಲೇ ಇತ್ತು. "ಅಲ್ಲೇ ಐತಲ್ಲಲೇ."

"ಈಗ ಐತೆ. ಹೋಗಿ ಬಂದಿದ್ರೆ?"

ಈ ಮಾತು ನನ್ನ ಬಾಯಿಂದಲೇ ಬಂತು. ಡ್ರೈವರುಗಳು ಮಾತು ನಿಲ್ಲಿಸಿ ಚಾಚಾನ ಮುಖ ನೋಡಿದರು. ಚಾಚಾ ಮಡಚಿದ ಟೋಪಿಯನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ಗ್ಯಾರೇಜಿನ ಬಾಗಿಲು ಎಳೆದು, "ಬರ್ರಿ, ಹುಡುಕೋಣ" ಅಂದರು. ನನಗೆ ಅವರು ಬಹುವಚನ ಹಚ್ಚಿದ್ದು ಅದೇ ಮೊದಲು.

ಆ ಬಿಸಿಲಿನಲ್ಲಿ ಚಳ್ಳಕೆರೆಯ ಒಂದು ಗುಜರಿ ಅಂಗಡಿಯನ್ನೂ, ಒಂದು ರೇಡಿಯೋ ರಿಪೇರಿ ಅಂಗಡಿಯನ್ನೂ ಅವರು ಬಿಡಲಿಲ್ಲ. ಪ್ರತಿ ಅಂಗಡಿಯಲ್ಲೂ ಉರ್ದುವಿನಲ್ಲಿ, ಕನ್ನಡದಲ್ಲಿ, ಒಂದು ಕಡೆ ತೆಲುಗಿನಲ್ಲೂ ಡೆಕ್ಕಿನ ಗುರುತು ಹೇಳಿ ಬೇಡಿಕೊಂಡಂತೆ ಕೇಳುತ್ತಿದ್ದರು. ನಾನು ಚಹಾ ಕುಡಿಯೋಣ ಅಂದೆ. ತಲೆ ಅಲ್ಲಾಡಿಸಿದರು. ಐವತ್ತು ದಾಟಿದ ಮನುಷ್ಯ ಹಸಿದ ಹೊಟ್ಟೆಯಲ್ಲಿ ಬೆವರು ಒರೆಸಿಕೊಳ್ಳುತ್ತ ನನ್ನ ಮುಂದೆ ಮುಂದೆ ನಡೆಯುತ್ತಿದ್ದರೂ ನನ್ನ ಮನಸ್ಸು, ನಾಟಕ ಇರಬಹುದಾ, ಅಂತಲೇ ಲೆಕ್ಕ ಹಾಕುತ್ತಿತ್ತು. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಸಂಜೆ ಬಸ್ಸಿನಿಂದ ಅಪ್ಪ ಇಳಿದ. ನಮ್ಮಿಬ್ಬರ ಮುಖ ನೋಡಿ, "ಯಾಕ್ರೋ, ಯಾರಾದ್ರೂ ಹೋದ್ರಾ?" ಅಂದ. ನಾನು ಟೇಪು ಹೋದ ಸಂಗತಿ ಮಾತ್ರ ಹೇಳಿದೆ. ಅಪ್ಪ ನಕ್ಕವನೇ ಅಲ್ಲೇ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಗಂಟು ಬಿಚ್ಚಿದ. ಸೀರೆಗಳ ನಡುವೆ, ಹಳೇ ಪಂಚೆಯಲ್ಲಿ ಸುತ್ತಿ, ನಮ್ಮ ಸ್ಟೀರಿಯೋ ಮಲಗಿತ್ತು.

"ಬೆಳಗ್ಗೆ ಯಾರ್ದೋ ಕಾರಿಂದು ಟೇಪು ಕಳುವಾತು ಅಂತ ಅಂಗಡಿಯಾಗೆ ಹೇಳಿದ್ರು. ನಮ್ಮದು ಮೊದ್ಲೇ ಬೀಗ ಇಲ್ಲದ ಬಾಗ್ಲು. ಸಾಬ್ರು ನಮಾಜಿಗೆ ಹೋಗಿದ್ರು, ಮೊಳೆ ಮೇಲಿನ ಚಾವಿ ತಗಂಡೆ, ಬಿಚ್ಚಿದೆ, ಮತ್ತೆ ಅಲ್ಲೇ ಹಾಕಿದೆ. ನನ್ನ ಗಂಟಿಗಿಂತ ಭದ್ರವಾದ ಜಾಗ ಇನ್ಯಾವ್ದೈತಲೇ? ಕಂಕುಳಲ್ಲಿ ಕೂಸಿಟ್ಕಂಡು ಊರೆಲ್ಲಾ ಹುಡುಕಿದಂಗಾತು ನಿಮ್ ಕತಿ!"

ಚಾಚಾ ಅಪ್ಪನ ಜತೆ ಸೇರಿ ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನು ಏನು ಕೇಳಿದ್ದೆ ಅನ್ನುವುದನ್ನು ಅವತ್ತೂ ಹೇಳಲಿಲ್ಲ, ಮುಂದೆಂದೂ ಹೇಳಲಿಲ್ಲ. ತೆರೆದಿಟ್ಟ ಗ್ಯಾರೇಜಿಗೆ ನುಗ್ಗಿ ಕೇಳದೆಯೇ ಚಾವಿ ತೆಗೆದುಕೊಳ್ಳುವಷ್ಟು ಸಲಿಗೆ ಆ ಇಬ್ಬರದು. ಆ ಸಲಿಗೆಗೆ ಚಾಚಾ ಏನೂ ಆಗಗೊಡಲಿಲ್ಲ. ಅಪ್ಪ ತೀರಿಕೊಳ್ಳುವವರೆಗೂ ಅವನಿಗೆ ಈ ವಿಷಯ ಗೊತ್ತಾಗಲಿಲ್ಲ.

ಮುಂದಿನ ವಾರ ಸ್ಟೀರಿಯೋ ಮತ್ತೆ ಕೂರಿಸಲು ಹೋದೆವು. ಚಾಚಾ ಡಬ್ಬಿಯಿಂದ ಎರಡು ಮಾಮೂಲಿ ಸ್ಕ್ರೂ ತೆಗೆದು ಹಾಕತೊಡಗಿದರು. "ಆ ಬೋಲ್ಟು ಏನಾತು ಸಾಬ್ರೆ?" ಅಂತ ಅಪ್ಪ ಕೇಳಿದ. "ಥ್ರೆಡ್ ಹೋಗೈತೆ ಯಜಮಾನ್ರೆ" ಅಂದರು. ಥ್ರೆಡ್ಡಿಗೆ ಏನೂ ಆಗಿರಲಿಲ್ಲ. ಅಪ್ಪ ಚಹಾ ಹೇಳಲು ಹೊರಗೆ ಹೋದಾಗ ಅವರು ಗೋಡೆಯ ಚಾವಿ ತೆಗೆದು ನನ್ನ ಅಂಗೈಯಲ್ಲಿಟ್ಟರು.

"ಚಾಚಾ, ತಪ್ಪಾಯ್ತು" ಅಂದೆ.

"ತಪ್ಪೇನು ಬಂತು? ನೀವು ಹೇಳಿದ್ದು ಖರೇ ಐತೆ. ಚಾವಿ ಹೋಗಿ ಬಂದಿತ್ತಲ್ಲ." ಸ್ಕ್ರೂ ಬಿಗಿ ಮಾಡುತ್ತಲೇ ಹೇಳಿದರು. "ಇದನ್ನ ಯಾರ್ ಬೇಕಾದ್ರೂ ಬಿಚ್ಚಬೌದು. ನಾಳೆ ಕಳುವಾದ್ರೆ ಊರಾಗೆ ಯಾರನ್ನ ಬೇಕಾದ್ರೂ ಕೇಳಬೌದು ನೀವು."

ಆಮೇಲೆ ಆರು ವರ್ಷ ಆ ಕಾರು ನಮ್ಮಲ್ಲಿತ್ತು. ಚಾಚಾ ಅದನ್ನು ಮೊದಲಿನಷ್ಟೇ ಅಕ್ಕರೆಯಿಂದ ನೋಡಿಕೊಂಡರು. ಅಪ್ಪನ ಜತೆ ಅದೇ ಚಹಾ, ಅದೇ ಹರಟೆ. ನನಗೆ ಮಾತ್ರ, "ಬರ್ರಿ, ಕೂತ್ಕಳ್ರಿ." ನಾನು ಸಂತೆಯ ದಿನ ಬೇಕೆಂದೇ ಕಾರನ್ನು ಜನದ ನಡುವೆ ನಿಲ್ಲಿಸಿ ಗಂಟೆಗಟ್ಟಲೆ ಬಿಟ್ಟು ಹೋಗುತ್ತಿದ್ದೆ. ರೇಡಿಯೋದ ಒಡಕು ಮುಖವನ್ನೂ ತೆಗೆದು ಬಿಸಾಕಿದ್ದೆ. ಯಾರಾದರೂ ಆ ಸ್ಟೀರಿಯೋ ಕದಿಯಲಿ, ನಾನು ಗ್ಯಾರೇಜಿಗೆ ಓಡಿಹೋಗಿ, ಡ್ರೈವರುಗಳೆಲ್ಲ ಕೇಳುವ ಹಾಗೆ, "ಚಾಚಾ, ಯಾರೋ ಕಳ್ಳರು ಟೇಪು ಒಯ್ದವ್ರೆ" ಅಂತ ಕೂಗಿ ಹೇಳಬೇಕು ಅನ್ನುವ ಆಸೆ ನನಗೆ. ಪ್ರತಿ ಸಲವೂ ವಾಪಸು ಬಂದು ನೋಡಿದರೆ ಅದು ಅಲ್ಲೇ ಇರುತ್ತಿತ್ತು.