ಸಿಸ್ಟರಮ್ಮನ ಕಾರ್ಡಿನ ಪೆಟ್ಟಿಗೆ

ಹೋದ ತಿಂಗಳು ಹಿರಿಯೂರಿನ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಹಸಿ ಶೇಂಗಾ ಬೇಯಿಸುತ್ತಿದ್ದರು. ಉಪ್ಪುನೀರು, ಸಿಪ್ಪೆಗಂಟಿದ ಮಣ್ಣು ಎರಡೂ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸೆರಗು ಮುಚ್ಚಿಕೊಂಡು ದೂರ ಸರಿದೆ. ಜೊತೆಗಿದ್ದ ಸೊಸೆ ಒಂದು ಪೊಟ್ಟಣ ಕೊಳ್ಳಲೇ ಎಂದಳು. ಬೇಡವೇ ಬೇಡ ಎಂದು ಗದರಿಬಿಟ್ಟೆ. ಪಾಪ, ಅವಳಿಗೇನು ಗೊತ್ತು, ಆ ವಾಸನೆಗೆ ನನಗೆ ನಮ್ಮ ಸಿಸ್ಟರಮ್ಮ ನೆನಪಾಗುತ್ತಾರೆಂದು...

ಎಪ್ಪತ್ತರ ದಶಕದ ಮಾತು. ಜವನಗೊಂಡನಹಳ್ಳಿ ಕಡೆಯ ಬಸುರಿಯರು ಬರುತ್ತಿದ್ದ ಒಂದು ಸಣ್ಣ ಹೆರಿಗೆ ಆಸ್ಪತ್ರೆ. ಸಿಸ್ಟರಮ್ಮ ಅಲ್ಲಿ ನರ್ಸು, ನಾನು ಔಷಧಿ ಕೋಣೆಯಲ್ಲಿದ್ದೆ. ಭರಮಸಾಗರದವರು, ಒಂಟಿ ಹೆಂಗಸು. ನಗು ಜಾಸ್ತಿ, ಬೈಗುಳ ಅದಕ್ಕಿಂತ ಜಾಸ್ತಿ. ನೋವು ತಿನ್ನುತ್ತಿದ್ದವಳನ್ನೂ ಗದರುತ್ತಿದ್ದರು, ಹೆತ್ತ ಮೇಲೆ ತಾವೇ ತಲೆ ಬಾಚುತ್ತಿದ್ದರು.

ಬಸುರಿಯರ ವಿವರ ಬರೆಯಲು ಅಲ್ಲಿ ಮೊದಲು ಒಂದು ದಪ್ಪ ಪುಸ್ತಕವಿತ್ತು. ಅದರಲ್ಲಿ ಯಾರ ಹಳೆಯ ಸಂಗತಿ ಹುಡುಕಬೇಕೆಂದರೂ ಅರ್ಧ ದಿನ. ಸಿಸ್ಟರಮ್ಮನಿಗೆ ರೇಗಿಹೋಯಿತು. ಚಿತ್ರದುರ್ಗದ ಪ್ರೆಸ್ಸಿನಲ್ಲಿ ಕಾರ್ಡು ಅಚ್ಚು ಹಾಕಿಸಿ, ಬಡಗಿಯಿಂದ ಪೆಟ್ಟಿಗೆ ಮಾಡಿಸಿದರು. ಒಬ್ಬೊಬ್ಬಳಿಗೆ ಒಂದೊಂದು ಕಾರ್ಡು. ಮೇಲಿನ ಸಾಲಿನಲ್ಲಿ ಗಂಡನ ಹೆಸರು, ಅದರ ಅಕ್ಷರದಂತೆಯೇ ಜೋಡಣೆ. ಯಾವುದಾದರೂ ಸೂಜಿಮದ್ದು ಯಾರಿಗಾದರೂ ಆಗದಿದ್ದರೆ ಕೆಂಪು ಮಸಿಯಲ್ಲಿ ಬರೆದಿಡುತ್ತಿದ್ದರು. ಮುಂದಿನ ಸಲ ಜೀವ ಉಳಿಸುವುದು ಆ ಕೆಂಪು ಅಕ್ಷರವೇ ಎನ್ನುತ್ತಿದ್ದರು. ಅತ್ತೆಯಂದಿರು ಸೊಸೆಯರ ಕೈ ಹಿಡಿದು ಬಂದು, ಕೂರುವ ಮುಂಚೆಯೇ ಮಗನ ಹೆಸರು ಹೇಳುತ್ತಿದ್ದರು. ಹೇಳಿ ಮುಗಿಸುವಷ್ಟರಲ್ಲಿ ಕಾರ್ಡು ಕೈಗೆ ಬರುತ್ತಿತ್ತು.

ಎಲ್ಲ ಸರಿಯಾಗಿಯೇ ನಡೆದಿತ್ತು. ಒಂದು ವರ್ಷ ಶೇಂಗಾ ಕೀಳುವ ಕಾಲಕ್ಕೆ, ಇದ್ದಕ್ಕಿದ್ದಂತೆ ಕಾರ್ಡುಗಳು ಸಿಗದಾದವು.

"ನಿಮ್ ಪೆಟ್ಟಿಗಿ ಕೆಟ್ಟೈತೆ ಸಿಸ್ಟರ್, ರಿಪೇರಿ ಮಾಡಿಸ್ರಿ" ಎಂದು ಡಾಕ್ಟರು ಛೇಡಿಸಿದರು. ಸಿಸ್ಟರಮ್ಮನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಧೂಳು ಒರೆಸುವ ಆಯಾಳನ್ನು ಬೈದರು. ಇಲಿ ಎಳೆದಿರಬಹುದೆಂದು ಬೀರು ಸರಿಸಿದರು. ಇಬ್ಬರೂ ಪೆಟ್ಟಿಗೆ ಸುರುವಿಕೊಂಡು ಕೂತು, ಅ ಇಂದ ಹ ತನಕ ಮತ್ತೆ ಜೋಡಿಸಿದೆವು. ಒಂದು ಕಾರ್ಡೂ ಅಕ್ಷರ ತಪ್ಪಿ ಕೂತಿರಲಿಲ್ಲ. ಆದರೂ ಮಾರನೆಯ ದಿನ ಅದೇ ಗೋಳು.

ಅತ್ತೆಯಂದಿರೆಲ್ಲ ಶೇಂಗಾ ಹೊಲದಲ್ಲಿದ್ದರು, ಬಸುರಿಯರು ಒಬ್ಬೊಬ್ಬರೇ ಬರುತ್ತಿದ್ದರು. ಅದು ನಮ್ಮ ಕಣ್ಣೆದುರಿಗೇ ಇತ್ತು, ಬುದ್ಧಿಗೆ ಮಾತ್ರ ಹತ್ತಲಿಲ್ಲ. ಗಂಡನ ಹೆಸರು ಬಾಯಿಬಿಟ್ಟು ಹೇಳಿದರೆ ಅವನ ಆಯಸ್ಸಿಗೆ ಕೇಡು ಎಂದು ನಂಬಿದವರು ಅವರು. ಕೇಳಿದರೆ ಸೆರಗು ಕಚ್ಚಿಕೊಂಡು ಏನೋ ಸೂಚನೆ ಕೊಡುತ್ತಿದ್ದರು. ಸಿಸ್ಟರಮ್ಮ ನಗುತ್ತಾ ಊಹಿಸಿ ಒಂದು ಹೆಸರು ಹೇಳುತ್ತಿದ್ದರು. ಅದು ತಪ್ಪಿದ್ದರೂ ಅವರು ನಾಚಿಕೆಗೆ ಹ್ಞೂಂ ಎಂದು ತಲೆಯಾಡಿಸುತ್ತಿದ್ದರು.

ಕುರಿ ಕಾಯುವವರ ಹಟ್ಟಿಯ ಮಾರಕ್ಕ ಬಂದದ್ದು ಆಗಲೇ. ಎರಡನೇ ಹೆರಿಗೆ, ನೋವಿನಲ್ಲೇ ಒಬ್ಬಳೇ ಬಂದಿದ್ದಳು.

"ಗಂಡನ ಹೆಸ್ರು ಹೇಳವ್ವ."

"ಗುಡ್ಡದ ಮ್ಯಾಲಿನ ಸ್ವಾಮಿ ಹೆಸ್ರು ಕಣಮ್ಮ."

"ತಿಮ್ಮಪ್ಪ ಏನೇ?"

ಮಾರಕ್ಕ ತಲೆಯಾಡಿಸಿದಳು. ಆ ಹೆಸರಿನಲ್ಲಿ ಅವಳ ಕಾರ್ಡು ಸಿಗಲಿಲ್ಲ. ಇದೂ ಕಳೆದಿರಬೇಕೆಂದು ಸಿಸ್ಟರಮ್ಮ ಹೊಸದೊಂದು ಬರೆದರು. ಹೆಣ್ಣು ಮಗು ಹುಟ್ಟಿತು. ಎರಡನೇ ದಿನ ಜ್ವರ ಏರಿತು. ಡಾಕ್ಟರು ಹೊಸ ಕಾರ್ಡು ನೋಡಿದರು, ಬಿಳಿ ಹಾಳೆ. ಪೆನ್ಸಿಲಿನ್ ಕೊಡಿ ಎಂದರು. ಮೊದಲು ಒಂದು ಹನಿ ಚುಚ್ಚಿ ನೋಡುವ ರೂಢಿ ನಮ್ಮಲ್ಲಿ ಇನ್ನೂ ಬಂದಿರಲಿಲ್ಲ. ಸಿಸ್ಟರಮ್ಮ ಸೂಜಿ ತೆಗೆಯುವಷ್ಟರಲ್ಲಿ ಮಾರಕ್ಕ ಉಸಿರಿಗೆ ಒದ್ದಾಡತೊಡಗಿದಳು. ನಾವು ಮಾಡುವುದನ್ನೆಲ್ಲ ಮಾಡಿದೆವು... ಉಳಿಯಲಿಲ್ಲ.

ಸಂಜೆ ಗಂಡ ಬಂದ. ಕಾಗದಕ್ಕೆ ಬರೆಯಬೇಕಲ್ಲ, ಹೆಸರೇನಪ್ಪ ಎಂದು ಸಿಸ್ಟರಮ್ಮ ಕೇಳಿದರು. "ರಂಗಪ್ಪ ಕಣವ್ವ" ಎಂದ. ಅವರ ಹಟ್ಟಿಯ ಗುಡ್ಡದ ಮೇಲಿನ ಸ್ವಾಮಿಯೂ ರಂಗಪ್ಪನೇ. ಸಿಸ್ಟರಮ್ಮ ಎದ್ದು ಹೋಗಿ ಪೆಟ್ಟಿಗೆಗೆ ಕೈ ಹಾಕಿದರು. ಕಾರ್ಡು ತನ್ನ ಜಾಗದಲ್ಲೇ ಇತ್ತು, ಕೂಡಲೇ ಸಿಕ್ಕಿತು. ಮೊದಲ ಹೆರಿಗೆಯ ಹೊತ್ತಿಗೆ ಪೆನ್ಸಿಲಿನ್ನಿಗೆ ಮೈ ಬಾತದ್ದನ್ನು ಅವರೇ ಕೆಂಪು ಮಸಿಯಲ್ಲಿ ಬರೆದಿದ್ದರು. ಸಿಸ್ಟರಮ್ಮ ಅಳಲಿಲ್ಲ. ಅದನ್ನು ಓದುತ್ತಾ ಅಲ್ಲೇ ನೆಲಕ್ಕೆ ಕೂತರು.

ಆಮೇಲೆ ಎಲ್ಲ ಕಾರ್ಡುಗಳನ್ನೂ ಹೊಸದಾಗಿ ಬರೆದರು. ಮೇಲಿನ ಸಾಲಿನಲ್ಲಿ ಹೆಂಗಸಿನ ಸ್ವಂತ ಹೆಸರು, ಪಕ್ಕದಲ್ಲಿ ಊರು. ನನ್ನ ಹೆಸ್ರು ಯಾಕಮ್ಮ ಎಂದು ಕೇಳಿದವರೂ ಇದ್ದರು. ಪೆಟ್ಟಿಗೆ ಮತ್ತೆಂದೂ ಕೈಕೊಡಲಿಲ್ಲ. ಸಿಸ್ಟರಮ್ಮನ ನಗು ಮಾತ್ರ ಹೋಯಿತು, ಯಾರನ್ನೂ ಬೈಯುತ್ತಲೂ ಇರಲಿಲ್ಲ. ಅವರ ಬೈಗುಳ ಇಲ್ಲದ ಆ ಆಸ್ಪತ್ರೆಯಲ್ಲಿ ಇರುವುದೇ ನನಗೆ ಸಂಕಟವಾಗುತ್ತಿತ್ತು.

ಕೂಸನ್ನು ಮಾರಕ್ಕನ ತಾಯಿ ಹಟ್ಟಿಯಲ್ಲಿ ಸಾಕಿದಳು. ನಮ್ಮ ಕಡೆ ತೀರಿಕೊಂಡವರ ಹೆಸರನ್ನು ಮನೆಯ ಕೂಸಿಗೆ ಇಡುತ್ತಾರೆ. ಹಾಗಾಗಿ ಅದೂ ಮಾರಕ್ಕನೇ ಆಯಿತು. ಸಿಸ್ಟರಮ್ಮ ರಜೆ ಬಂದರೆ ಸಾಕು, ಹಾಲುಪುಡಿ ಡಬ್ಬಿ ಹಿಡಿದು ಹಟ್ಟಿಗೆ ಹೋಗುತ್ತಿದ್ದರು. ದೊಡ್ಡವಳಾದ ಮೇಲೆ ಓದಿಸಿದರು, ಮದುವೆಗೆ ಮುಂದೆ ನಿಂತರು. ಆದರೆ ಒಂದು ದಿನವಾದರೂ ಅವಳನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಲಿಲ್ಲ. ಪಾಪು ಎನ್ನುತ್ತಿದ್ದರು, ಕೂಸೇ ಎನ್ನುತ್ತಿದ್ದರು. ಹೆಸರು ಹಿಡಿದು ಕರೀರಿ ಎಂದು ಅಜ್ಜಿ ಒಮ್ಮೆ ಹೇಳಿದ್ದಕ್ಕೆ, "ಬಾಯಿ ಬರಲ್ಲ ಕಣವ್ವ" ಎಂದಿದ್ದರಂತೆ.

ಬಸ್ ಸ್ಟ್ಯಾಂಡಿನಿಂದ ಬಂದ ಮೇಲೆ ನನಗೆ ಸಮಾಧಾನವೇ ಇರಲಿಲ್ಲ. ನೋಡಿಕೊಂಡು ಬರೋಣವೆಂದು ಮೊನ್ನೆ ಭರಮಸಾಗರಕ್ಕೆ ಹೋದೆ. ಬಾಗಿಲು ತೆರೆದವಳು ಅಂದಿನ ಆ ಕೂಸು ಮಾರಕ್ಕ, ಅವಳ ತಲೆಯೂ ಬೆಳ್ಳಗಾಗಿದೆ. "ಬರ್ರಿ, ಕುಂತ್ಕಳ್ರಿ" ಎಂದು ಒಳಗಿನ ಖಾಲಿ ಮಂಚ ತೋರಿಸಿದಳು. ಸಿಸ್ಟರಮ್ಮ ತೀರಿಹೋಗಿ ಎಂಟು ದಿನವಾಗಿತ್ತು. ಕೊನೆಯ ಎರಡು ವರ್ಷ ಅವಳೇ ಜೊತೆಗಿದ್ದು ನೋಡಿಕೊಂಡಳಂತೆ.

"ಕೊನೇ ದಿನ ನನ್ ಹೆಸ್ರು ಹಿಡ್ದು ಕರೆದ್ರಕ್ಕ" ಎಂದಳು. "ಮಾರಕ್ಕ ಅಂದ್ರು, ಅದೇ ಮೊದ್ಲು. ಇಲ್ಲೇ ಇದೀನಿ ಅಂತ ಕೈ ಹಿಡ್ಕಂಡೆ. ಗಂಡನ ಹೆಸ್ರು ಹೇಳವ್ವ ಅಂತ ಕೇಳಿದ್ರು... ಮತ್ತೆ ಮತ್ತೆ ಅದನ್ನೇ ಕೇಳಿದ್ರು."

"ನೀನೇನಂದೆ?"

"ನಮ್ಮಪ್ಪನ ಹೆಸ್ರು ಹೇಳ್ದೆ, ರಂಗಪ್ಪ ಅಂದೆ."

ಆಮೇಲೆ ಸಿಸ್ಟರಮ್ಮ ಏನನ್ನೂ ಕೇಳಲಿಲ್ಲವಂತೆ. ಅವರಿಲ್ಲದ ಆ ಮಂಚದ ಮೇಲೆ ಕೂತು ನಾವಿಬ್ಬರೂ ಬಹಳ ಹೊತ್ತು ಅತ್ತೆವು.