ಬಾವಿ ಗೋಡೆಯ ಮೇಲೆ ತಂಗಿಯ ಕಾಲು

ಹಿಂದೂಪುರದ ಪೇಟೆಯಲ್ಲಿ ಹುಣಿಸೇಹಣ್ಣಿನ ಮಂಡಿಗಳಿಗೆ ಬೋರ್ಡು ಬರೆದು ಬದುಕಿದವನು ನಾನು. ಮೇಲೆ ತೆಲುಗು, ಕೆಳಗೆ ಕನ್ನಡ. ನನ್ನಷ್ಟು ದುಂಡಗೆ ಯಾರೂ ಬರೆಯಲ್ಲ ಅನ್ನೋ ಸೊಕ್ಕು ಸ್ವಲ್ಪ ಜಾಸ್ತೀನೇ ಇತ್ತು. ಒಂದಿನ ಹೆಲ್ತ್ ಇನ್ಸ್‌ಪೆಕ್ಟರು ಬಂದವರೇ, “ಅಕ್ಷರಾಲು ವದ್ದಯ್ಯಾ, ಬೊಮ್ಮ ಕಾವಾಲಿ” ಅಂದರು. ನನ್ನ ಅಕ್ಷರ ಬೇಡವಂತೆ, ಗೊಂಬೆ ಬೇಕಂತೆ! ಮೈ ಉರಿದುಹೋಯ್ತು.

ವಿಷಯ ನಾರುಹುಣ್ಣಿನದು. ಕಲ್ಯಾಣದುರ್ಗದ ಕಡೆ ಹಳ್ಳಿಗಳಲ್ಲಿ ಎಲ್ಲ ಮೆಟ್ಟಿಲ ಬಾವಿಗಳು. ಹೆಂಗಸರು ಕೆಳಗಿಳಿದು ಮೊಣಕಾಲುದ್ದ ನೀರಲ್ಲಿ ನಿಂತು ಕೊಡ ತುಂಬುತ್ತಿದ್ದರು. ಹುಣ್ಣಿರೋ ಕಾಲು ನೀರಿಗೆ ಬಿದ್ದರೆ ಅದರೊಳಗಿನ ಹುಳ ಅಲ್ಲೇ ಮರಿ ಬಿಡುತ್ತದೆ, ಆ ನೀರು ಕುಡಿದವರ ಕಾಲು ವರ್ಷದ ಮೇಲೆ ಒಡೆಯುತ್ತದೆ ಅಂತ ಇನ್ಸ್‌ಪೆಕ್ಟರು ಬಿಡಿಸಿ ಹೇಳಿದರು. “ಹುಣ್ಣಿರೋರು ನೀರಿಗಿಳೀಬೇಡಿ” ಅಂತ ಓದು ಬಾರದವರಿಗೂ ತಿಳಿಯೋ ಗುರುತು ಬೇಕಿತ್ತು.

ಅವರೇ ಒಂದು ಗುರುತು ತಂದಿದ್ದರು: ಒಂದು ಹೆಜ್ಜೆ, ಅದರ ಮೇಲೆ ಕೆಂಪು ಇಂಟು. ನನ್ನ ತಂಗಿಯನ್ನು ಕೊಟ್ಟ ಊರಿನ ಬಾವಿ ಗೋಡೆಗೇ ಮೊದಲು ಬರೆದೆ. ಒಬ್ಬ ಮುದುಕಿ ಬಂದು ನೋಡಿ, “ಹೆಜ್ಜೆ ಇಲ್ಲಿಕ್ಕಿ ಅಂತ ತೋರ್ಸವ್ರೆ ಕಣ್ರಮ್ಮಾ, ಇಲ್ಲಾದ್ರೆ ಜಾರಾಕಿಲ್ಲ” ಅಂದು, ಸೀರೆ ಎತ್ತಿಕಟ್ಟಿ ಸೀದಾ ನೀರಿಗಿಳಿದಳು. ಇಂಟು ಅಂದರೆ ತಪ್ಪು ಅನ್ನೋದು ಸ್ಕೂಲಿಗೆ ಹೋದವರಿಗೆ ತಾನೆ ಗೊತ್ತು?

ತಲೆ ಕೆರೆದುಕೊಂಡು ತಂಗಿ ಮನೆಗೆ ಹೋದೆ. ಅವಳು ಜಗಲಿ ಮೇಲೆ ಕಾಲು ಚಾಚಿ ಕೂತಿದ್ದಳು. ಕಣಕಾಲಿನ ಹುಣ್ಣಿಂದ ಬಿಳಿ ದಾರದಂಥ ಹುಳ ಹೊರಗೆ ಬಂದಿತ್ತು. ಅದರ ತುದಿಯನ್ನು ಪೊರಕೆ ಕಡ್ಡಿಗೆ ಸುತ್ತುತ್ತಿದ್ದಳು. ದಿನಕ್ಕೆ ಒಂದೇ ಸುತ್ತು, ಅವಸರಕ್ಕೆ ಎಳೆದರೆ ಒಳಗೇ ತುಂಡಾಗಿ ಕಾಲು ಕೀವು ತುಂಬುತ್ತೆ. ಊರಲ್ಲಿ ಅರ್ಧ ಜನರ ಕಾಲಿಗೆ ಇಂಥ ಕಡ್ಡಿ ಇತ್ತು. ಇದಕ್ಕಿಂತ ಗುರುತು ಬೇಕೇ!

ಅಲ್ಲೇ ಕೂತು ಅವಳ ಕಾಲನ್ನೇ ಬರೆದುಕೊಂಡೆ. ಹುಳ, ಕಡ್ಡಿ, ಕೆಳಗೆ ಕೆಂಪು ನೀರು. ಬರೀ ಕಾಲು ಹೆಣದ ಕಾಲಿನ ಥರ ಕಾಣ್ತು ಅಂತ ಅವಳ ಕಾಲ ಮೇಲಿದ್ದ ಚೇಳಿನ ಹಚ್ಚೆಯನ್ನೂ ಹಾಕಿದೆ. ಚಿಕ್ಕವಳಿದ್ದಾಗ ಹಚ್ಚೆ ಚುಚ್ಚುವವಳ ಕೈಯಿಂದ ಕಾಲು ಕಿತ್ತುಕೊಂಡಿದ್ದಕ್ಕೆ ಚೇಳಿನ ಕೊಂಡಿ ಸೊಟ್ಟ ಆಗಿತ್ತು. ಆ ಸೊಟ್ಟವನ್ನೂ ಬಿಡಲಿಲ್ಲ.

“ಥೂ, ನನ್ ಕಾಲ್ನ ಊರ್ಗೆಲ್ಲ ತೋರಿಸ್ತೀಯೇನಣ್ಣ?” ಅಂತ ನಕ್ಕಳು.

“ಯಾರ್ಗ್ ಗೊತ್ತಾಯ್ತದೆ, ಸುಮ್ಕಿರಮ್ಮ” ಅಂದೆ. ಎಂಥಾ ಮುಠ್ಠಾಳ ನಾನು!

ಹೆಜ್ಜೆ ಅಳಿಸಿ ಆ ಕಾಲನ್ನೇ ಬಾವಿ ಗೋಡೆಗೆ ಬರೆದೆ. ಗುರುತು ನಾಟಿತು. ಮಾರನೇ ದಿನದಿಂದ ಯಾರೂ ನೀರಿಗಿಳಿಯಲಿಲ್ಲ, ಒಣಗಿದ ಮೆಟ್ಟಿಲಲ್ಲೇ ನಿಂತು ಹಗ್ಗ ಕಟ್ಟಿದ ಬಿಂದಿಗೆಯಲ್ಲಿ ಮೊಗೆದರು. ಇನ್ಸ್‌ಪೆಕ್ಟರು ಬೆನ್ನು ತಟ್ಟಿದರು. ನಾನು ಉಬ್ಬಿಕೊಂಡು ಹಿಂದೂಪುರಕ್ಕೆ ಬಂದೆ.

ಎರಡು ತಿಂಗಳ ಮೇಲೆ ಹೋದಾಗ ತಂಗಿ ಬಾವಿಯ ಮೇಲುಗಡೆ ಖಾಲಿ ಕೊಡ ಇಟ್ಟುಕೊಂಡು, ಯಾರಾದರೂ ಕರುಣೆಯಿಂದ ನೀರು ಹೊಯ್ಯಲಿ ಅಂತ ನಿಂತಿದ್ದಳು. ಹಚ್ಚೆಯ ಗುರುತು ಎಲ್ಲರಿಗೂ ಸಿಕ್ಕಿತ್ತು. ಹುಣ್ಣಿನ ಕಾಲು ಇಳಿಸಬೇಡಿ ಅಂತ ಯಾರೂ ತಿಳಿದಿರಲಿಲ್ಲ. ಬಾವಿ ಕೆಡಿಸಿದ ಕಾಲು ಇದೇ ಅಂತ ತಿಳಿದು, ಆ ದೋಷಕ್ಕೆ ಹೆದರಿ ನೀರಿಗಿಳಿಯದೆ ಇದ್ದರು.

ಅವಳ ಅತ್ತೆ ಮುಖಕ್ಕೆ ಹೊಡೆದ ಹಾಗೆ ಹೇಳಿದರು: “ನಿನ್ ತಂಗೀನ ಕರ್ಕೊಂಡೋಗಪ್ಪ. ಅವಳ ಕೈ ನೀರು ಯಾರೂ ಮುಟ್ಟಾಕಿಲ್ಲ. ಮಗು ಇಲ್ಲೇ ಇರ್ಲಿ.”

ತಂಗಿ ನನ್ನ ಕೈ ಹಿಡಿದು, “ಅಳಿಸ್ಬುಡಣ್ಣ, ನನ್ ಮಗೀನ ಬಿಟ್ಟು ನಾನ್ ಬದುಕಾಕಿಲ್ಲ” ಅಂದಳು. ಸೀದಾ ಇನ್ಸ್‌ಪೆಕ್ಟರ ಹತ್ತಿರ ಹೋಗಿ ಅಳಿಸ್ತೀನಿ ಅಂದೆ.

ಇನ್ಸ್‌ಪೆಕ್ಟರು ಒಪ್ಪಲಿಲ್ಲ. ಜನ ನೀರಿಗಿಳಿಯದ ಬಾವಿ ಇದೊಂದೇ, ಅಳಿಸಿದರೆ ಪಾಪ ತಟ್ಟುತ್ತೆ ಅಂದರು. ಅವರಿಗೆ ಬಾಯಿಗೆ ಬಂದಂತೆ ಬೈದೆ. ಅವರು ಹೇಳಿದ್ದು ಸುಳ್ಳಲ್ಲ ಅಂತ ಗೊತ್ತಿದ್ದೇ ಬೈದೆ. ಕೊನೆಗೆ ಕಾಲು, ಹುಳ, ಕಡ್ಡಿ ಎಲ್ಲ ಬಿಟ್ಟು ಹಚ್ಚೆಯೊಂದಕ್ಕೆ ಬಣ್ಣ ಬಳಿದೆ. ಈಗ ಅದು ಯಾರ ಕಾಲೂ ಅಲ್ಲ, ಇಬ್ಬರ ಮಾತೂ ಉಳಿಯಿತು ಅಂದುಕೊಂಡೆ.

ಬಣ್ಣ ಇನ್ನೂ ಹಸಿ ಇತ್ತು. ಹೆಂಗಸರು ಸುತ್ತ ಸೇರಿದರು. “ಚೇಳು ಹೋಯ್ತು, ಬಾವಿ ದೋಸ ಕಳೀತು ಬಿಡ್ರಿ” ಅಂದಳು ಒಬ್ಬಳು. ಅವಳ ಕಾಲಲ್ಲೇ ಕಡ್ಡಿ ಇತ್ತು. ಹಾಗೇ ಮೊಣಕಾಲವರೆಗೆ ನೀರಿಗಿಳಿದಳು. ಹಿಂದೆಯೇ ಉಳಿದವರು. “ನೀನೂ ಬಾರಮ್ಮಿ” ಅಂತ ತಂಗಿಯನ್ನೂ ಕರೆದರು. ಅವಳ ಹುಣ್ಣು ಆಗಲೇ ವಾಸಿಯಾಗಿತ್ತು. ಅವಳು ಒಂದು ಸಲ ನನ್ನ ಮುಖ ನೋಡಿದಳು. ಕೂಗಿ ತಡೆಯಬಹುದಿತ್ತು. ತಡೆದಿದ್ದರೆ ಅವಳ ಕೊಡ ಮತ್ತೆ ಮೇಲೇ ಉಳಿಯುತ್ತಿತ್ತು. ನಾನು ಬಗ್ಗಿ ಕುಂಚ ತೊಳೆದುಕೊಂಡೆ. ಆ ಸಂಜೆ ಅವಳ ಮನೆಯವರು ಅವಳು ತಂದ ನೀರನ್ನೇ ಕುಡಿದರು.

ಮುಂದಿನ ಬೇಸಿಗೆಗೆ ತಂಗಿ ಹಿಂದೂಪುರಕ್ಕೆ ಬಂದಳು, ಆರು ವರ್ಷದ ಮಗಳನ್ನು ಸೊಂಟದ ಮೇಲೆ ಎತ್ತಿಕೊಂಡು. ಮಗುವಿನ ಎರಡೂ ಕಾಲು ಒಡೆದಿದ್ದವು, ನಡೆಯೋಕೆ ಆಗ್ತಿರಲಿಲ್ಲ. ಬೈತಾಳೆ ಅಂತ ಕಾದೆ. ಬೈಯಲಿಲ್ಲ. ಮಗುವನ್ನು ನನ್ನ ತೊಡೆ ಮೇಲೆ ಕೂರಿಸಿ ಕಡ್ಡಿ ಕೈಗೆ ಕೊಟ್ಟಳು.

“ನೀನೇ ಸುತ್ತಣ್ಣ. ನನ್ ಕೈ ನಡುಗ್ತದೆ, ನಿಂದು ನಡುಗಾಕಿಲ್ಲ.”

ಆಮೇಲೆ ಗೋಡೆ ಕಡೆ ತಿರುಗಿ ಕೂತು, “ಅವತ್ತು ಬಾವಿ ಹತ್ರ ಇಬ್ರೂ ನೋಡ್ಕೊಂಡೇ ಸುಮ್ಕಿದ್ವಿ ಅಲ್ವೇನಣ್ಣ” ಅಂದಳು.

“ಹೂಂ ಕಣಮ್ಮ” ಅಂದೆ. “ಬ್ಯಾಡ ಮಾವಾ, ಬ್ಯಾಡ” ಅಂತ ಮಗು ಚೀರುತ್ತಿತ್ತು. ಆ ದಿನದ ಒಂದು ಸುತ್ತು ಸುತ್ತಿದೆ.