ಎಡಗಡೆಯ ರೆಕ್ಕೆ

ಅಟ್ಲಾಸ್ ಬೆಟ್ಟದ ಬುಡದಲ್ಲಿರುವ ವಿಮಾನ ಕ್ಲಬ್ಬಿನ ಉಸ್ತಾದ್ ಬೆನ್ನಾಸರ್ ಅವರಿಗೆ ನೆಟ್ಟಗೆ ಇಳಿಯುವುದೆಂದರೆ ಸಕ್ಕರೆಯಿಲ್ಲದ ಪುದೀನ ಚಹಾ ಕುಡಿದಷ್ಟೇ ಅಸಹ್ಯ. ಬೇಕೆಂದೇ ಎತ್ತರದಲ್ಲಿ ಬರುತ್ತಾರೆ. ಎಡಗಡೆಯ ರೆಕ್ಕೆ ತಗ್ಗಿಸಿ, ಬಲಗಾಲಿನ ಪೆಡಲ್ ಅದುಮಿ, ಎರಡೇ ಸೀಟಿನ ಮುದಿ ವಿಮಾನವನ್ನು ಓರೆಯಾಗಿ ಜಾರಿಸುತ್ತಾ, ವೇಗ ಏರದಂತೆ ಎತ್ತರವನ್ನಷ್ಟೇ ಕಳೆಯುತ್ತಾರೆ. "ಏಡಿ ನಡೆದ ಹಾಗೆ ನಡೆಸಮ್ಮ, ನಾಚ್ಕೋಬೇಡ!" ಎಂದು ಮುಂದಿನ ಸೀಟಿನಲ್ಲಿ ಕೂತು ಕಲಿಯುವ ಇಲ್ಹಾಮಳನ್ನು ಗದರುತ್ತಾರೆ. ನೆಲದ ಮೇಲೂ ಅದೇ ಚಾಳಿ: ಬಾಗಿಲಲ್ಲಿ ಓರೆಯಾಗಿ ನುಗ್ಗುತ್ತಾರೆ, ಕುರ್ಚಿಯಲ್ಲಿ ಓರೆಯಾಗಿ ಕೂರುತ್ತಾರೆ, ಮನೆ ಸಮಾಚಾರ ಕೇಳಿದರಂತೂ ಮಾತನ್ನೇ ಪಕ್ಕಕ್ಕೆ ಜಾರಿಸಿಬಿಡುತ್ತಾರೆ. ಗಾಳಿ ಯಾವ ಕಡೆಯಿಂದ ಬರುತ್ತದೋ ಆ ಕಡೆಯ ರೆಕ್ಕೆ ತಗ್ಗಿಸಬೇಕೆಂದು ಪಾಠ ಹೇಳುವವರು ಅವರೇ. ತಾವು ತಗ್ಗಿಸುವುದು ಮಾತ್ರ ಸದಾ ಎಡಗಡೆಯದನ್ನೇ. "ಗಾಳಿ ಬಲಗಡೆಯಿಂದ ಬರ್ತಿದೆಯಲ್ಲ ಉಸ್ತಾದ್?" ಎಂದಳು ಇಲ್ಹಾಮ್ ಒಂದು ದಿನ. "ನಿನ್ನ ಗಾಳಿಗೇನು ಗೊತ್ತು? ಕೆಳಗೆ ನೋಡು, ಚಹಾ ಆಗಿದೆ." ಎಡಗಡೆಯ ಕಿಟಕಿಯ ತುಂಬ ಅವರ ಮನೆಯ ತಾರಸಿ, ಅಲ್ಲಿ ಹಗ್ಗದ ಮೇಲೊಂದು ಕೆಂಪು ಕಂಬಳಿ. ಚಹಾ ಕಾಯಿಸಿಟ್ಟ ಗುರುತಿಗೆ ಹೆಂಡತಿ ಮಲೀಕಾ ಹರವುವ ಕಂಬಳಿ ಅದು ಎನ್ನುತ್ತಿದ್ದರು ಉಸ್ತಾದ್. "ಮಲೀಕಾ ಅಮ್ಮನ ಕೈ ಚಹಾ ನನಗೂ ಕೊಡಿಸಿ" ಎಂದು ಹಟ ಹಿಡಿದು, ವಿಮಾನ ಇಳಿದ ಮೇಲೆ ಇಲ್ಹಾಮ್ ಅವರ ಜೊತೆ ಮನೆ ಬಾಗಿಲವರೆಗೂ ಹೋದಳು. ಉಸ್ತಾದ್ ಜೇಬಿನಿಂದ ಬೀಗದ ಕೈ ತೆಗೆದರು. ಒಳಗೆ ಒಲೆ ತಣ್ಣಗಿತ್ತು. "ಅವಳು ತೀರಿಕೊಂಡು ಆರು ವರ್ಷ ಆಯ್ತಮ್ಮ" ಎಂದರು, ಕೆಟಲಿಗೆ ನೀರು ತುಂಬುತ್ತಾ. "ಕಂಬಳೀನ ಬೆಳಿಗ್ಗೆ ನಾನೇ ಹಾಕಿ ಬರ್ತೀನಿ. ಕೆಳಗಿಳಿಯೋಕೆ ಏನಾದ್ರೂ ನೆಪ ಬೇಕಲ್ಲ."